ಲಾಟೀನಿನ ಗಾಜು ಯಾರು ಒರೆಸುತ್ತಿದ್ದರು?

ಚಿರಂಜೀವಿ ಮಗಳಿಗೆ ಆಯಿಯ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನೀನು ಕಳಿಸಿದ ವಾಟ್ಸಾಪ್ ಮೆಸೇಜು ಓದಿದೆ. 1950, 60ರ ದಶಕದವರೇ ಪುಣ್ಯವಂತರು, ಕರೆಂಟು ಇರಲಿಲ್ಲ, ಟಿವಿ ಇರಲಿಲ್ಲ, ಭಯ ಅಂದರೇನು ಅಂತ ಗೊತ್ತಿರಲಿಲ್ಲ, ಆದರೂ ಎಷ್ಟು ಖುಷಿಯಾಗಿದ್ದೆವು ಅಂತ ಉದ್ದಕ್ಕೆ ಬರೆದಿದ್ದಾರಲ್ಲ, ಅದು. ನಮ್ಮ ಗ್ರೂಪಿನಲ್ಲೂ ತಿಂಗಳಿಗೊಮ್ಮೆ ಸುತ್ತು ಹಾಕಿಕೊಂಡು ಬರುತ್ತದೆ. ‘ಆಯಿ, ನೀವೆಲ್ಲ ಹಿಂಗೇ ಇದ್ರಾ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ಮೀಟಿಂಗ್ ಇದೆ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನನಗನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮೆಸೇಜು ಬರೆದವನು ಗಂಡಸೇ ಇರಬೇಕು.

ಖುಷಿ ಸುಳ್ಳಲ್ಲ. ಕಾರವಾರದಲ್ಲಿ ಮಳೆಗಾಲ ಕಳೆದು ಸಮುದ್ರದ ಅಬ್ಬರ ಇಳಿದರೆ ರಂಪಣಿ, ಅಂದರೆ ದೊಡ್ಡ ಬಲೆಯನ್ನು ದಡದಿಂದ ಎಳೆದು ಮೀನು ಹಿಡಿಯುವುದು, ಶುರು. ನೀರಿನ ಬಣ್ಣ ನೋಡಿಯೇ ಬಂಗಡೆ ಮೀನಿನ ಹಿಂಡು ಬಂದಿದೆ ಅಂತ ಹೇಳುವವರು ಇರುತ್ತಿದ್ದರು. ದೋಣಿ ಬಲೆ ಬಿಡುತ್ತಾ ಸಮುದ್ರದಲ್ಲಿ ಅರ್ಧ ಸುತ್ತು ಹೊಡೆದು ದಡಕ್ಕೆ ವಾಪಸ್ಸು. ಆಮೇಲೆ ಎರಡೂ ತುದಿಯ ಹಗ್ಗಕ್ಕೆ ಸಾಲುಗಟ್ಟಿ ಜನ. ಹಿಂದಕ್ಕೆ ಹೆಜ್ಜೆ ಇಡುತ್ತಾ ಎಳೆಯಬೇಕು. ಸಾಲಿನ ಕೊನೆ ಮುಟ್ಟಿದವನು ಹಗ್ಗ ಬಿಟ್ಟು, ನೀರಿನ ಹತ್ತಿರ ಓಡಿಹೋಗಿ ಮತ್ತೆ ಹಿಡಿಯುತ್ತಾನೆ. ನಾವು ಮಕ್ಕಳು ನಡುವೆ ನುಗ್ಗಿ ಜೋತುಬೀಳುತ್ತಿದ್ದೆವು. ನಮ್ಮಿಂದ ಉಪಕಾರಕ್ಕಿಂತ ಉಪದ್ರವೇ ಜಾಸ್ತಿ. ಆದರೂ ಬಲೆ ಮೇಲೆ ಬಂದಾಗ ಲಂಗದ ಉಡಿಗೆ ನಾಲ್ಕು ಬಂಗಡೆ ಬೀಳುತ್ತಿತ್ತು, ಇನ್ನೂ ಪಟಪಟ ಅನ್ನುತ್ತಿದ್ದವು. ಮೀನು ತೀರಾ ಜಾಸ್ತಿಯಾದರೆ ತೆಂಗಿನ ಬುಡಕ್ಕೆ ಗೊಬ್ಬರ. 1970ರ ದಶಕದ ಕೊನೆಗೆ ಪರ್ಸೀನ್ ಅನ್ನುವ ದೊಡ್ಡ ಬಲೆಯ ಯಾಂತ್ರಿಕ ದೋಣಿಗಳು ಬಂದವು. ಹಿಂಡು ದಡದ ಹತ್ತಿರ ಬರುವ ಮೊದಲೇ ಸುತ್ತುಗಟ್ಟಿ ಹಿಡಿದವು. ರಂಪಣಿ ಎಳೆಯುವವರು ಕೈ ಕಟ್ಟಿ ಕೂತರು.

ಸರಿ, ಉಡಿಯಲ್ಲಿ ತಂದ ಆ ಬಂಗಡೆಯನ್ನು ಹೆಚ್ಚಿ ತೊಳೆದು ಮಸಾಲೆ ಅರೆಯುತ್ತಿದ್ದವರು ಯಾರು? ನನ್ನ ಆಯಿ ಮತ್ತು ಅಕ್ಕ. ಅಣ್ಣ ಕೈಕಾಲು ತೊಳೆದು ಊಟಕ್ಕೆ ಬರುತ್ತಿದ್ದ.

ಪೇಟೆಗೆ ಕರೆಂಟು ಬಂದಿದ್ದರೂ ಕೋಡಿಬಾಗದ ನಮ್ಮ ಬಾಡಿಗೆ ಮನೆಗೆ ಬಂದಿರಲಿಲ್ಲ. ಸಂಜೆಯಾಯಿತು ಅಂದರೆ ಅಣ್ಣ ಗೋಲಿ ಹಿಡಿದು ಹೊರಗೆ, ನಾನು ಲಾಟೀನು ಹಿಡಿದು ಹಿತ್ತಿಲಿಗೆ. ದೊಡ್ಡವರ ಕೈ ಗಾಜಿನೊಳಗೆ ಹೋಗುವುದಿಲ್ಲ. ನನ್ನದು ಸಣ್ಣ ಕೈ, ಹಾಗಾಗಿ ಆ ಕೆಲಸ ನನಗೇ ಕಾಯಂ. ಒಲೆಯ ಬೂದಿ, ಹಳೆ ಪಂಚೆಯ ತುಂಡು. ಗಾಜಿನೊಳಗೆ ‘ಹಾ’ ಅಂತ ಉಸಿರು ಬಿಟ್ಟು, ಬೆರಳಿಗೆ ಬಟ್ಟೆ ಸುತ್ತಿ ತಿರುಗಿಸಿ ತಿರುಗಿಸಿ ಮಸಿ ತೆಗೆಯಬೇಕು. ಬತ್ತಿ ಸಮ ಕತ್ತರಿಸದಿದ್ದರೆ ಒಂದು ಮೂಲೆ ಮಾತ್ರ ಎದ್ದು ಉರಿದು, ಸ್ವಲ್ಪ ಹೊತ್ತಿಗೇ ಗಾಜು ಮತ್ತೆ ಕಪ್ಪು. ಬೈಗುಳ ನನಗೆ. ಈಗ ಎಲ್ಲರಿಗೂ ಲಾಟೀನಿನ ಬೆಳಕಿನಲ್ಲಿ ಓದಿದ್ದು ನೆನಪಾಗುತ್ತದೆ. ನನಗೆ ನೆನಪಾಗುವುದು ಉಗುರಿನ ಸಂದಿಯ ಮಸಿ.

ನಿನ್ನ ದೊಡ್ಡಮ್ಮನ ವಿಷಯ ನಿನಗೆ ಪೂರ್ತಿ ಗೊತ್ತಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನನಗಾಗ ಮೂರು ವರ್ಷ. ರಾಜ್ಯ ಬದಲಾದರೂ ಜನರ ಬಾಯಲ್ಲಿ ಮುಂಬಯಿ ಕಾಲದ ಇಯತ್ತೆ (ತರಗತಿ), ಏಳನೇ ಇಯತ್ತೆಯ ಕೊನೆಗಿನ ಮುಲ್ಕಿ ಪರೀಕ್ಷೆ ಬಹಳ ದಿನ ಉಳಿದಿದ್ದವು. 1957ರಲ್ಲಿ ನಯಾಪೈಸೆ ಬಂತು. ಒಂದಾಣೆಗೆ ಆರು ಪೈಸೆ, ನಾಲ್ಕಾಣೆಗೆ ಇಪ್ಪತ್ತೈದು. ನಾಲ್ಕಾಣೆಯ ಸಾಮಾನು ಒಟ್ಟಿಗೆ ತರುವ ಬದಲು ಒಂದೊಂದಾಣೆಯದ್ದು ನಾಲ್ಕು ಸಲ ತಂದರೆ ಒಂದು ಪೈಸೆ ಉಳಿಯುತ್ತದೆ ಅಂತ ಕಂಡುಹಿಡಿದವಳು ಅಕ್ಕ! ಅಂಗಡಿಯವನಿಗೆ ಗೊತ್ತಾಗುವವರೆಗೂ ಆ ಪೈಸೆಗಳಲ್ಲಿ ನಮಗೆ ಪೆಪ್ಪರಮಿಂಟು ಸಿಗುತ್ತಿತ್ತು. ಅಷ್ಟು ಚುರುಕಿನವಳು ಏಳನೇ ಇಯತ್ತೆ ಮುಗಿಸಿ ಮನೆಯಲ್ಲಿ ಕೂತಳು. ತಮ್ಮ ಹುಟ್ಟಿದ್ದ, ಆಯಿಗೆ ಕೈಯಾಸರೆ ಬೇಕಿತ್ತು. ಯಾರೂ ಜಗಳ ಮಾಡಲಿಲ್ಲ, ಯಾರೂ ಅಳಲಿಲ್ಲ. ಅದು ಹಾಗೇ ಅಂತ ಆಗಿಹೋಯಿತು.

ನನ್ನ ಸರದಿ ಬಂದಾಗ ಮಾತ್ರ ಅವಳು ಬಾಯಿ ಬಿಟ್ಟಳು. ‘ನೀರು ನಾನು ಸೇದ್ತೆ, ಇವಳು ಹೈಸ್ಕೂಲಿಗೆ ಹೋಗ್ಲಿ’ ಅಂದಳು. ಅಪ್ಪ ಏನೂ ಹೇಳಲಿಲ್ಲ. ಮರುದಿನ ಫೀ ಕಟ್ಟಿ ಬಂದರು. ನಾನು ಟೀಚರ್ ಆದದ್ದು, ನೀನು ಇವತ್ತು ಮೀಟಿಂಗ್ ಮೀಟಿಂಗ್ ಅನ್ನುವುದು, ಎಲ್ಲದರ ಹಿಂದೆ ಆ ಬಾವಿಯ ಹಗ್ಗ ಇದೆ ನೋಡು.

ಇನ್ನು ಭಯ ಇರಲಿಲ್ಲವಂತೆ! ಅಪ್ಪ ಕಾಳಿ ನದಿಯಾಚೆ ಸದಾಶಿವಗಡದ ಕಡೆ ಮಾಸ್ತರಿಕೆ ಮಾಡುತ್ತಿದ್ದರು. ದಿನಾ ಲಾಂಚಿನಲ್ಲಿ ಹೋಗಿ ಬರಬೇಕು. ಜುಲೈ ತಿಂಗಳ ಗಾಳಿಮಳೆಗೆ ಲಾಂಚು ನಿಂತರೆ ಅವರು ಆಚೆಯೇ ಉಳಿದರೋ, ನಡುನೀರಿನಲ್ಲಿ ಇದ್ದಾರೋ, ತಿಳಿಯುವ ದಾರಿಯೇ ಇಲ್ಲ. ಆಯಿ ಅನ್ನ ಬಡಿಸುತ್ತಿದ್ದಳು, ತಾನು ಉಣ್ಣುತ್ತಿರಲಿಲ್ಲ. ಸೇತುವೆ ಆದದ್ದು 1983ರಲ್ಲಿ. 2024ರ ಆಗಸ್ಟಿನಲ್ಲಿ ಅದೇ ಸೇತುವೆ ಮಧ್ಯರಾತ್ರಿ ಕುಸಿದಾಗ ನೀನು ಗಾಬರಿಯಲ್ಲಿ ಫೋನ್ ಮಾಡಿದ್ದೆ. ಒಂದೇ ನಿಮಿಷದಲ್ಲಿ ನಿನಗೆ ಸಮಾಧಾನ ಆಯಿತು, ಅಲ್ವಾ? ಆಯಿಗೆ ಬೆಳಗಿನವರೆಗೆ ಕಾಯಬೇಕಿತ್ತು.

ಗೋವಾದ ಗಲಾಟೆ ಬೇರೆ. ನಮ್ಮ ಕಡಲಿನ ಅಂಜುದೀವ್ ದ್ವೀಪ ಆಗ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ಗುಂಡು ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆ ಅಲ್ಲಿಗೆ ಇಳಿಯಿತು, ಏಳು ಮಂದಿ ಪ್ರಾಣ ಕೊಟ್ಟರು. ನಮ್ಮನ್ನು ಕಡಲ ಕಡೆ ಬಿಡುತ್ತಲೇ ಇರಲಿಲ್ಲ. ಗೋವಾ ನಮ್ಮದಾದ ದಿನ ಶಾಲೆಯಲ್ಲಿ ಸಿಹಿ ಹಂಚಿದ್ದು ನೆನಪಿದೆ.

ನನ್ನ ತೋಳಿನ ಮೇಲಿನ ಗುಂಡನೆ ಕಲೆ ಏನು ಅಂತ ಸಣ್ಣವಳಿದ್ದಾಗ ಕೇಳುತ್ತಿದ್ದೆಯಲ್ಲ, ಅದು ಸಿಡುಬಿನ ಲಸಿಕೆಯದ್ದು. ದೇವಿ ಹಾಕುವವರು (ಆ ಲಸಿಕೆಯವರನ್ನು ಹಾಗೇ ಕರೆಯುತ್ತಿದ್ದೆವು) ಬಂದರು ಅಂದರೆ ಕೇರಿಯ ಮಕ್ಕಳೆಲ್ಲ ಮಾಯ. ಅಕ್ಕ ನನ್ನನ್ನು ಹಾಸಿಗೆಯ ಸುರುಳಿಯ ಹಿಂದಿನಿಂದ ಎಳೆದು ತಂದಿದ್ದಳು. 1975ರ ನಂತರ ದೇಶದಲ್ಲಿ ಸಿಡುಬೇ ಇಲ್ಲ, ನಿನಗೆ ಆ ಲಸಿಕೆ ಬೇಕಾಗಲೇ ಇಲ್ಲ. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಾಗಂತ ಆ ದಿನಗಳ ಮೇಲೆ ನನಗೆ ಸಿಟ್ಟಿದೆ ಅಂದುಕೊಳ್ಳಬೇಡ. ಪಕ್ಕದ ಮನೆಯ ಕೊಂಕಣಿ ಬಾಯಿ ಕೊಟ್ಟ, ಮುರುಗಲು ಮತ್ತು ತೆಂಗಿನಹಾಲಿನ ಸೋಲಕಡಿಯ ರುಚಿ ಈಗಲೂ ನಾಲಿಗೆಯಲ್ಲಿದೆ. ಧಾರವಾಡ ಆಕಾಶವಾಣಿ ಕೇಳಲು ರೇಡಿಯೋ ಇದ್ದ ಮನೆಯ ಜಗಲಿಯಲ್ಲಿ ಇಡೀ ಕೇರಿ ಕೂರುತ್ತಿತ್ತು. ಅದೆಲ್ಲ ಬೇಕು ಅನ್ನಿಸುತ್ತದೆ. ಲಾಟೀನು ಬೇಡ.

ಮೊಮ್ಮಗಳಿಗೆ ರಂಪಣಿ ತೋರಿಸಬೇಕು ಅಂದಿದ್ದೀಯ. ಜೂನ್, ಜುಲೈ ಬರಬೇಡ, ಸಮುದ್ರದ ಅಬ್ಬರ ಇರುತ್ತದೆ, ಮಳೆಯೂ ಬಿಡುವುದಿಲ್ಲ. ದಸರಾ ರಜೆಗೆ ಬನ್ನಿ. ಈಗಲೂ ಅಲ್ಲಲ್ಲಿ ಎಳೆಯುತ್ತಾರೆ, ವಿಚಾರಿಸಿ ಇಡುತ್ತೇನೆ. ಒಂದು ದಿನ ದೊಡ್ಡಮ್ಮನಲ್ಲಿಗೂ ಹೋಗಿಬರೋಣ. ಆ ಪೈಸೆಯ ಲೆಕ್ಕವನ್ನು ಪೋರಿ ಅವಳ ಬಾಯಿಂದಲೇ ಕೇಳಲಿ. ಅವಳಿಗೆ ಶುಗರ್ ಜಾಸ್ತಿಯಾಗಿದೆ, ಬರುವಾಗ ಸ್ವೀಟು ತರಬೇಡ. ನನಗೆ ತಂದರೆ ಅಡ್ಡಿಯಿಲ್ಲ.

ನಿನ್ನ ಆಯಿ