ಪುಟ್ಟ ಚಹಾ ಪಾತ್ರೆಯ ಬಗ್ಗೆ ಮೂರು ಪುಟ

ಪ್ರೀತಿಯ ತಮ್ಮಾ,

ನಿನ್ನ ಲೇಖನ ಬಂದು ಹತ್ತು ದಿನವಾಯಿತು. ತಡವಾಯಿತು ಅಂತ ಬೇಜಾರು ಮಾಡ್ಕೋಬೇಡ. ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಕಾಫಿ ಕುಡಿಯುತ್ತಾ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಗುರುತುಗಳು ಜಾಸ್ತಿಯೇ ಇವೆ, ನೋಡಿ ಹೆದರಬೇಡ. ಆಮೇಲೆ, ನನ್ನನ್ನು ಮೇಡಂ ಅಂತ ಬರೆದಿದ್ದೀಯ. ಹಾಗೆ ಕರೆಯುವವರು ಬ್ಯಾಂಕಿನವರು ಮಾತ್ರ. ಅಕ್ಕ ಅಂದರೆ ಸಾಕು.

ಹನ್ನೆರಡು ಪುಟದಲ್ಲಿ ನೀನು ಯುರೋಪಿನ ಹೊಸ ಕಲೆಯನ್ನೆಲ್ಲ ಮುಗಿಸಿಬಿಟ್ಟಿದ್ದೀಯ. 1905 ಫಾವಿಸಂ, 1907 ಕ್ಯೂಬಿಸಂ, 1909 ಫ್ಯೂಚರಿಸಂ, 1916 ಡಾಡಾ, 1917 ಡಿ ಸ್ಟೈಲ್ ಎಂಬ ಪಂಥಗಳು, ಕೊನೆಗೆ 1919 ಬೌಹೌಸ್, ಜರ್ಮನಿಯ ಕಲೆ ಮತ್ತು ವಿನ್ಯಾಸದ ಶಾಲೆ. ಓದುತ್ತಾ ನನಗೆ ಹೈಸ್ಕೂಲಿನ ಇತಿಹಾಸ ಪಾಠ ನೆನಪಾಯಿತು. ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು ಅಂತ ಬಾಯಿಪಾಠ ಮಾಡಿಸುತ್ತಿದ್ದರು. ಒಬ್ಬರು ಎದ್ದು ಹೋದ ಮೇಲೆ ಇನ್ನೊಬ್ಬರು ಬಂದು ಕೂತರು ಅಂತಲೇ ನಾನು ಅಂದುಕೊಂಡಿದ್ದೆ. ಕದಂಬರೂ ಗಂಗರೂ ಒಂದೇ ಕಾಲದಲ್ಲಿ ಅಕ್ಕಪಕ್ಕದಲ್ಲಿ ಆಳುತ್ತಿದ್ದರು ಅನ್ನೋದು ತಲೆಗೆ ಹೋಗಿದ್ದು ಕಾಲೇಜು ಸೇರಿದ ಮೇಲೆ. ನಿನ್ನ ಲೇಖನದಲ್ಲೂ ಪಂಥಗಳು ಹಾಗೇ ಪಾಳಿಯ ಮೇಲೆ ಬಂದು ಹೋಗುತ್ತವೆ.

ತೇಯೊ ವಾನ್ ಡೂಸ್‌ಬರ್ಗ್ ಒಬ್ಬನನ್ನೇ ನೋಡು. ಡಿ ಸ್ಟೈಲ್ ಪತ್ರಿಕೆ ಶುರು ಮಾಡಿದವನು. ನೇರ ಗೆರೆ, ಕೆಂಪು ಹಳದಿ ನೀಲಿ, ಭಾರೀ ಶಿಸ್ತು. 1921ರಲ್ಲಿ ಜರ್ಮನಿಯ ವೈಮಾರ್‌ಗೆ ಬಂದ. ಬೌಹೌಸ್‌ನಲ್ಲಿ ಮೇಷ್ಟ್ರ ಕೆಲಸ ಸಿಗಲಿಲ್ಲ. ಸರಿ, ಅದೇ ಊರಿನಲ್ಲಿ ಸ್ವಂತ ಪಾಠ ಇಟ್ಟು ಬೌಹೌಸ್ ಹುಡುಗರನ್ನೇ ಸೆಳೆದುಕೊಂಡ. 1922ರಲ್ಲಿ ಅಲ್ಲೇ, ಅಳತೆ ಲೆಕ್ಕಾಚಾರ ನಂಬಿದ ಕನ್‌ಸ್ಟ್ರಕ್ಟಿವಿಸ್ಟರ ಸಭೆ ನಡೆಸಿದ, ಅದಕ್ಕೆ ಎಲ್ಲ ನಿಯಮವನ್ನೂ ಗೇಲಿ ಮಾಡುವ ಡಾಡಾದವರನ್ನೂ ಕರೆದು ಕೆಲವರ ಸಿಟ್ಟಿಗೆ ಕಾರಣನಾದ. ಇಷ್ಟು ಸಾಲದು ಅಂತ, ಐ. ಕೆ. ಬಾನ್ಸೆಟ್ ಎಂಬ ಹೆಸರಿಟ್ಟುಕೊಂಡು ತಾನೇ ಡಾಡಾ ಕವಿತೆ ಬರೆಯುತ್ತಿದ್ದ. ಇವನನ್ನು ನಿನ್ನ ಪಟ್ಟಿಯ ಯಾವ ಸಾಲಿನಲ್ಲಿ ಕೂರಿಸುತ್ತೀಯ?

ಅದಕ್ಕೇ ಹೇಳೋದು, ಹನ್ನೊಂದು ಪುಟ ತೆಗೆದಿಡು. ಎಸೆಯಬೇಡ, ತೆಗೆದಿಡು. ಒಂಬತ್ತನೇ ಪುಟದಲ್ಲಿ ಒಂದು ಸಾಲಿದೆ: ‘ಮರಿಯಾನೆ ಬ್ರಾಂಟ್ 1924ರಲ್ಲಿ ಒಂದು ಟೀಪಾಟ್ ರಚಿಸಿದರು.’ ಬೌಹೌಸ್‌ನಲ್ಲಿ ಕಲಿಯುತ್ತಿದ್ದ ಆಕೆಯ ಬಗ್ಗೆ ಅಷ್ಟು ಹೇಳಿ ಮುಂದೆ ಓಡಿದ್ದೀಯ. ನಿನ್ನ ಲೇಖನ ಇರೋದು ಆ ಸಾಲಿನೊಳಗೆ.

ಆ ಪಾತ್ರೆಯ ಫೋಟೋ ತೆಗೆದು ಮುಂದಿಟ್ಟುಕೋ. ಎತ್ತರ 7.5 ಸೆಂಟಿಮೀಟರ್ ಅಷ್ಟೆ. ಮನೆಯ ಕಾಫಿ ಲೋಟದ ಪಕ್ಕ ಇಟ್ಟರೆ ಲೋಟವೇ ಎತ್ತರ ಅನ್ನಿಸೀತು. ಹೊಟ್ಟೆ ಸರಿಯಾಗಿ ಅರ್ಧ ಗೋಳ. ಕೆಳಗೆ ಕಾಲಿಗೆ ಎರಡು ಲೋಹದ ಪಟ್ಟಿಗಳು, ಒಂದರ ಮೇಲೊಂದು ಅಡ್ಡಡ್ಡ. ಮೇಲೆ ದುಂಡನೆ ಮುಚ್ಚಳ, ಅದೂ ನಡುವೆ ಇಲ್ಲ, ಪಕ್ಕಕ್ಕೆ ಸರಿದಿದೆ. ಹಿಡಿ ಅರ್ಧ ಚಂದ್ರದ ಹಾಗೆ, ಎಬೊನಿ ಎಂಬ ಕಪ್ಪು ಮರದ್ದು, ಕೈ ಸುಡದಿರಲಿ ಅಂತ. ಒಳಗೆ ಸೋಸುವ ಜಾಲರಿ.

ಇಷ್ಟು ಚಿಕ್ಕದರಲ್ಲಿ ಎಷ್ಟು ಜನಕ್ಕೆ ಚಹಾ ಆಗುತ್ತೆ ಅಂತ ನೀನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಗೊತ್ತಾಗುತ್ತಿತ್ತು, ಇದು ಚಹಾದ ಡಿಕಾಕ್ಷನ್ ಪಾತ್ರೆ. ಗಟ್ಟಿಯಾಗಿ ರಸ ಇಳಿಸಿಕೊಂಡು, ಕಪ್ಪಿಗೆ ಚೂರು ಹಾಕಿ, ಮೇಲೆ ಬಿಸಿನೀರು ಬೆರೆಸಿಕೊಳ್ಳೋದು. ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೆ ಇದನ್ನು ವಿವರಿಸಬೇಕಾ? ನಮ್ಮ ಓದುಗರು ಒಂದೇ ಮಾತಿಗೆ ಹಿಡಿದುಕೊಳ್ಳುತ್ತಾರೆ. ನೀನು ‘ಟೀಪಾಟ್’ ಅಂದು ಆ ದಾರಿಯನ್ನೇ ಮುಚ್ಚಿಬಿಟ್ಟೆ.

ಈಗ ಇನ್ನೂ ಹತ್ತಿರ ಹೋಗು. ನೋಡಿದರೆ ಯಂತ್ರದಲ್ಲಿ ಒತ್ತಿ ತೆಗೆದ ಹಾಗಿದೆ, ಅಲ್ವಾ? ಒಂದು ಗುಂಡು, ಒಂದು ಪಟ್ಟಿ, ಒಂದು ಬಿಲ್ಲೆ. ಆದರೆ ಅದನ್ನು ಕೈಯಲ್ಲಿ ಸುತ್ತಿಗೆ ಹಿಡಿದು ತಟ್ಟಿ ಮಾಡಿದ್ದು. ಆಗ ಕಾರ್ಖಾನೆಗೆ ಅದು ಹೋಗಲೇ ಇಲ್ಲ. ಮಾಡಿದ್ದು ಕೆಲವೇ ಕೆಲವು. ಅದರಲ್ಲೊಂದು 2007ರಲ್ಲಿ ಹರಾಜಿಗೆ ಬಂದಾಗ 3 ಲಕ್ಷ 61 ಸಾವಿರ ಡಾಲರ್‌ಗೆ ಹೋಯಿತು. ಎಲ್ಲರ ಮನೆಗೂ ಒಳ್ಳೆಯ ವಸ್ತು ಅಂತ ಹೊರಟ ಶಾಲೆಯ ಪಾತ್ರೆ ಕಣೋ ಇದು! ನಿನ್ನ ಲೇಖನದಲ್ಲಿ ಘೋಷಣೆ ಇದೆ, ಈ ತೊಡಕು ಇಲ್ಲ. ನನಗೆ ತೊಡಕೇ ರುಚಿ.

ಹಾಗಂತ ಬ್ರಾಂಟ್ ಸೋತಳು ಅಂತ ಬರೆಯಬೇಡ. ನಾಲ್ಕು ವರ್ಷದ ಮೇಲೆ ಲೈಪ್‌ಜಿಗ್‌ನ ದೀಪದ ಕಂಪನಿಗೆ ಆಕೆ ಮತ್ತು ಜೊತೆಗಾರರು ಮಾಡಿಕೊಟ್ಟ ಕಾಂಡೆಮ್ ಮೇಜುದೀಪಗಳು ಸಾವಿರಾರು ಮನೆಗೆ ಹೋದವು. ಬುರುಡೆ ಬಗ್ಗಿಸುವ ಮೇಜುದೀಪ ನಿನ್ನ ಮೇಜಿನ ಮೇಲೂ ಇದ್ದರೆ, ಅದು ಅವುಗಳ ದೂರದ ನೆಂಟನೇ ಇರಬೇಕು.

ಆಕೆ ವಯಸ್ಸಾದ ಮೇಲೆ ಕಿರಿಯರಿಗೆ ಅಂತ ಒಂದು ಪತ್ರ ಬರೆದಳು. ನಾನು ಇದನ್ನು ಬರೆಯುತ್ತಾ ಅದನ್ನೇ ನೆನೆಸಿಕೊಳ್ಳುತ್ತಿದ್ದೇನೆ. ಲೋಹದ ಕಾರ್ಯಾಗಾರಕ್ಕೆ ಸೇರಿದಾಗ ಅಲ್ಲಿನ ಗಂಡಸರಿಗೆ ಇಷ್ಟವಿರಲಿಲ್ಲವಂತೆ. ಬೇಸರದ ಕೆಲಸವನ್ನೆಲ್ಲ ಇವಳ ತಲೆಗೆ ಕಟ್ಟಿದರು. ಜರ್ಮನ್ ಸಿಲ್ವರ್ ತಗಡನ್ನು ತಟ್ಟಿ ತಟ್ಟಿ ಪುಟ್ಟ ಅರ್ಧ ಗೋಳಗಳನ್ನು ಮಾಡೋದು. ಕಲಿಯಬೇಕಾದರೆ ಹೀಗೇ ಇರುತ್ತದೆ ಅಂತ ಆಕೆ ನಂಬಿ ಮಾಡಿದಳು. ಈಗ ಮತ್ತೆ ಆ ಪಾತ್ರೆಯ ಹೊಟ್ಟೆ ನೋಡು. ಅರ್ಧ ಗೋಳ! ಕಾಡಿಸಲು ಕೊಟ್ಟ ಕೆಲಸದಿಂದಲೇ ಆಕೆ ಪಾತ್ರೆ ಎತ್ತಿದಳು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ. ಊಹೆಯನ್ನು ಊಹೆ ಅಂತಲೇ ಬರೆದರೆ ತಪ್ಪೇನಿಲ್ಲ.

ನಿನ್ನ ಹನ್ನೆರಡು ಪುಟದಲ್ಲಿ ಹೆಂಗಸಿನ ಹೆಸರು ಅದೊಂದೇ. 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಶಾಲೆ ತೆರೆದಾಗ ಸೇರಿದವರಲ್ಲಿ ಹುಡುಗಿಯರೇ ಜಾಸ್ತಿ. ಅದನ್ನು ನೋಡಿ ಮೇಷ್ಟ್ರುಗಳಿಗೇ ದಿಗಿಲಾಯಿತು. ಸ್ವಲ್ಪ ದಿನದಲ್ಲೇ ಅವರನ್ನು ಮಗ್ಗದ ಕಡೆಗೆ ತಳ್ಳಿದರು. ಆನಿ ಆಲ್ಬರ್ಸ್‌ಗೆ ಗಾಜಿನ ಕೆಲಸ ಬೇಕಿತ್ತು, ಸಿಕ್ಕಿದ್ದು ನೂಲು. 1930ರಲ್ಲಿ ಆಕೆ ಒಂದು ಸಭಾಂಗಣದ ಗೋಡೆಗೆ ಬಟ್ಟೆ ನೇಯ್ದಳು. ಹತ್ತಿಯ ಜೊತೆ ಸೆಲ್ಲೋಫೇನ್ ಸೇರಿಸಿ. ಒಂದು ಮೈ ಬೆಳಕನ್ನು ಮರಳಿಸುತ್ತದೆ, ಇನ್ನೊಂದು ಮೈ ಸದ್ದನ್ನು ಹೀರುತ್ತದೆ. ಇಂಥ ಬಟ್ಟೆಯನ್ನು ‘ಅಲಂಕಾರಿಕ ಕಲೆ’ ಅಂತ ಒಂದು ಸಾಲಿನಲ್ಲಿ ದಾಟಿಸಬೇಡ.

ಈಗ ನನ್ನ ಪೆದ್ದುತನದ ಕತೆ ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದೆ. ಬೌಹೌಸ್‌ನ ಮಾರ್ಸೆಲ್ ಬ್ರಾಯರ್ ಮಾಡಿದ ಆ ಉಕ್ಕಿನ ಪೈಪಿನ ಕುರ್ಚಿ, ವಾಸಿಲಿ ಕುರ್ಚಿ ಅಂತಾರಲ್ಲ, ಅದನ್ನು ಚಿತ್ರಕಾರ ವಾಸಿಲಿ ಕಾಂಡಿನ್‌ಸ್ಕಿಗಾಗಿಯೇ ಮಾಡಿದ್ದು ಅಂತ ಬರೆದುಬಿಟ್ಟೆ. ಗುರು ಶಿಷ್ಯರ ಪ್ರೀತಿ ಅಂತ ಒಂದು ಪ್ಯಾರಾ ಬೇರೆ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ಓದುಗರೊಬ್ಬರು ಎರಡೇ ಸಾಲಿನಲ್ಲಿ ತಿದ್ದಿದ್ದರು. ಕುರ್ಚಿ ಹುಟ್ಟಿದ್ದು 1925ರ ಹೊತ್ತಿಗೆ. ಕಾಂಡಿನ್‌ಸ್ಕಿ ಮೆಚ್ಚಿಕೊಂಡಿದ್ದು ನಿಜ, ಆದರೆ ಆ ಹೆಸರು ಅಂಟಿದ್ದು 1960ರ ದಶಕದಲ್ಲಿ, ಇಟಲಿಯ ಕಂಪನಿಯೊಂದು ಅದನ್ನು ಮತ್ತೆ ಮಾರುಕಟ್ಟೆಗೆ ತಂದಾಗ. ಆ ಕಾರ್ಡು ಇನ್ನೂ ನನ್ನ ಡ್ರಾಯರಿನಲ್ಲಿದೆ.

ನಿನ್ನ ಲೇಖನದಲ್ಲೂ ಅಂಥದ್ದು ಒಂದು ಸಿಕ್ಕಿತು. ರೂಪ ಉಪಯೋಗವನ್ನು ಹಿಂಬಾಲಿಸಬೇಕು ಎಂಬ ಮಾತನ್ನು ಗ್ರೋಪಿಯಸ್ ಬಾಯಿಗೆ ಹಾಕಿದ್ದೀಯ. ಅದು 1896ರಲ್ಲೇ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಸಲಿವನ್ ಬರೆದ ಮಾತು. ತಿದ್ದಿಕೋ.

ಕಾರ್ಡು ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ. ಬ್ರಾಯರ್‌ಗೆ ಈ ಯೋಚನೆ ಬಂದದ್ದು ತನ್ನ ಸೈಕಲ್ಲಿನ ಹ್ಯಾಂಡಲ್ ನೋಡಿ. ಹಾಗಾದರೆ ಪೈಪು ಬಗ್ಗಿಸೋದು ಹೇಗೆ ಅಂತ ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿನ ಹಿರಿಯರು ನಕ್ಕರು. ಆಮೇಲೆ ತೋರಿಸಿದರು. ಪೈಪಿನೊಳಗೆ ಒಣ ಮರಳು ತುಂಬಿ, ಎರಡೂ ತುದಿಗೆ ಮರದ ಬೆಣೆ ಹೊಡೆದು, ಕಾಯಿಸಿ, ನಿಧಾನಕ್ಕೆ ಬಗ್ಗಿಸಿದರು. ಮರಳಿಲ್ಲದೆ ಬಗ್ಗಿಸಿದ್ದನ್ನೂ ತೋರಿಸಿದರು. ಬಗ್ಗಿದ ಜಾಗದಲ್ಲಿ ಚಪ್ಪಟೆಯಾಗಿ ನೆರಿಗೆ ಬಿದ್ದಿತ್ತು. ಅವತ್ತು ಮನೆಗೆ ಬಂದು ಕುರ್ಚಿಯ ಫೋಟೋ ಮತ್ತೆ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಮೂಲೆಗಳು. ಒಂದು ನೆರಿಗೆಯೂ ಇಲ್ಲ. ಅದಕ್ಕೆ ಮುಂಚೆ ನೂರು ಸಲ ನೋಡಿದ್ದೆ, ಮೂಲೆ ನೋಡಿರಲಿಲ್ಲ.

ಇನ್ನೊಂದು. ಈಗ ಅಂಗಡಿಯಲ್ಲಿ ಸಿಗುವ ಆ ಕುರ್ಚಿಗೆ ಚರ್ಮದ ಪಟ್ಟಿ ಇರುತ್ತದೆ. ಮೊದಲಿಗೆ ಇದ್ದದ್ದು ಬಟ್ಟೆ. ಐಸೆನ್‌ಗಾರ್ನ್, ಅಂದರೆ ಕಬ್ಬಿಣದ ನೂಲು. ಹೆಸರಿಗಷ್ಟೇ ಕಬ್ಬಿಣ, ಮೇಣ ಸವರಿ ಗಟ್ಟಿ ಮಾಡಿದ ಹತ್ತಿ ನೂಲು. ಆ ಬಟ್ಟೆಯನ್ನು ಸುಧಾರಿಸಿದವಳು ಮಗ್ಗದ ಕಡೆಯ ಗ್ರೇಟೆ ರೈಖಾರ್ಟ್. ಜಗತ್ತು ಬ್ರಾಯರ್‌ನ ಕುರ್ಚಿ ಅನ್ನುತ್ತದೆ. ಕೂತವರ ಭಾರ ಹೊತ್ತದ್ದು ಮಗ್ಗದ ಹುಡುಗಿಯರ ಬಟ್ಟೆ.

ಹರ್ಬರ್ಟ್ ಬೇಯರ್‌ನ ಅಕ್ಷರಗಳ ಬಗ್ಗೆ ನೀನು ಬರೆದ ಪ್ಯಾರಾ ಓದುಗನಿಗೆ ತಲುಪುವುದಿಲ್ಲ, ಯಾಕೆ ಗೊತ್ತಾ? 1925ರ ಹೊತ್ತಿಗೆ ಬೌಹೌಸ್‌ನವರು ದೊಡ್ಡಕ್ಷರ ಬಿಟ್ಟು ಬರೀ ಸಣ್ಣಕ್ಷರದಲ್ಲಿ ಬರೆಯತೊಡಗಿದರು, ಇದು ಕ್ರಾಂತಿ ಅಂತ ಬರೆದಿದ್ದೀಯ. ಕನ್ನಡದವನು ಕೇಳುತ್ತಾನೆ, ಅದರಲ್ಲೇನಿದೆ, ನಮಗೆ ದೊಡ್ಡಕ್ಷರವೇ ಇಲ್ಲವಲ್ಲ! ಜರ್ಮನ್ ಭಾಷೆಯಲ್ಲಿ ಪ್ರತಿ ನಾಮಪದಕ್ಕೂ ದೊಡ್ಡಕ್ಷರ ಬೇಕು. ಮೇಜು, ನಾಯಿ, ಉಪ್ಪು, ಎಲ್ಲಕ್ಕೂ. ಶಾಲೆಯ ಕಾಗದದ ತಲೆಬರಹದಲ್ಲೇ ಸಣ್ಣದಾಗಿ ಬರೆಯುತ್ತೇವೆ, ಸಮಯ ಉಳಿಯುತ್ತದೆ ಎಂದು ಅಚ್ಚು ಹಾಕಿಸಿದರೆ ಹಿರಿಯರಿಗೆ ಹೇಗಾಗಿರಬೇಡ? ಮೊದಲು ಉಪ್ಪಿಗೂ ದೊಡ್ಡಕ್ಷರ ಬೇಕಿತ್ತು ಅಂತ ಹೇಳು, ಆಮೇಲೆ ಕ್ರಾಂತಿ ಅನ್ನು. ಇದೇ ಬೇಯರ್ 1923ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಹಣದುಬ್ಬರ ನೆತ್ತಿಗೇರಿದ ಕಾಲದಲ್ಲಿ ತ್ಯೂರಿಂಗಿಯ ರಾಜ್ಯಕ್ಕೆ ಹತ್ತು ಲಕ್ಷ, ಇಪ್ಪತ್ತು ಲಕ್ಷ ಮಾರ್ಕಿನ ನೋಟು ವಿನ್ಯಾಸ ಮಾಡಿಕೊಟ್ಟ. ಹೂವಿಲ್ಲ, ಬಳ್ಳಿಯಿಲ್ಲ, ಬೋಳು ಅಂಕಿಗಳು. ನೀನು ಇದನ್ನು ಬಿಟ್ಟಿದ್ದು ನನಗೆ ಆಶ್ಚರ್ಯ.

ಕೊನೆಯ ಪುಟದಲ್ಲಿ ನಮ್ಮ ಚಿತ್ರಕಾರ ವೆಂಕಟಪ್ಪನವರನ್ನು ಎಳೆದು ತಂದಿದ್ದೀಯ. ಬೌಹೌಸ್ ಪ್ರಭಾವ ಅವರ ಮೇಲೂ ಆಗಿರಬಹುದು ಅಂತ. ಬೇಡ ತಮ್ಮಾ. ನಮ್ಮೂರನ್ನು ಸೇರಿಸಿದರೆ ಸಂಪಾದಕರಿಗೆ ಖುಷಿಯಾಗುತ್ತದೆ ಅಂತ ನನಗೂ ಗೊತ್ತು. ಆದರೆ ಇರುವ ನಂಟೇ ಸಾಕಷ್ಟು ಚೆನ್ನಾಗಿದೆ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್‌ನವರ ಪ್ರದರ್ಶನ. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ವೈಮಾರ್‌ನ ಬೌಹೌಸ್ ಮೇಷ್ಟ್ರು ಯೊಹಾನೆಸ್ ಇಟೆನ್‌ಗೆ ಪತ್ರ ಬರೆದು ಚಿತ್ರಗಳನ್ನು ತರಿಸಿಕೊಂಡರು. ಕ್ಲೀ, ಕಾಂಡಿನ್‌ಸ್ಕಿ, ಫೈನಿಂಗರ್, ಇಟೆನ್ ಅವರ ಚಿತ್ರಗಳು ಗಗನೇಂದ್ರನಾಥ ಟಾಗೋರರ ಚಿತ್ರಗಳ ಜೊತೆ ತೂಗಿದವು. ಈಗ ನಾವು ಬೌಹೌಸ್ ಅಂದರೆ ನೆನೆಯುವ ಪೈಪಿನ ಕುರ್ಚಿ, ಬ್ರಾಂಟ್‌ಳ ಪಾತ್ರೆ, ಶಾಲೆ ಆಮೇಲೆ ಹೋಗಿ ನೆಲೆಸಿದ ಡೆಸ್ಸಾವ್ ಊರಿನ ಗಾಜಿನ ಕಟ್ಟಡ, ಒಂದೂ ಆಗಿನ್ನೂ ಹುಟ್ಟಿರಲಿಲ್ಲ. ಕಲ್ಕತ್ತಾದವರು ನೋಡಿದ್ದು ಬೇರೆಯದೇ ಬೌಹೌಸ್. ವೆಂಕಟಪ್ಪನವರು ಅವನೀಂದ್ರನಾಥ ಟಾಗೋರರ ಶಿಷ್ಯರು, ನಿಜ. ಆದರೆ ಆ ಹೊತ್ತಿಗೆ ಕಲ್ಕತ್ತಾ ಬಿಟ್ಟು ಮೈಸೂರಿಗೆ ಬಂದು ವರ್ಷಗಳಾಗಿದ್ದವು. ಅವರನ್ನು ಅವರ ಪಾಡಿಗೆ ಬಿಡು.

‘1933ರಲ್ಲಿ ನಾಜಿಗಳು ಬೌಹೌಸ್ ಮುಚ್ಚಿಸಿದರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅಲ್ಲಿ ಸ್ವಲ್ಪ ನಿಲ್ಲು. 1932ರಲ್ಲಿ ಡೆಸ್ಸಾವ್‌ನಿಂದ ಓಡಿಸಿದ ಮೇಲೆ ಶಾಲೆ ಬರ್ಲಿನ್‌ನ ಖಾಲಿ ಟೆಲಿಫೋನ್ ಕಾರ್ಖಾನೆಯೊಂದಕ್ಕೆ ಬಂತು. 1933ರ ಏಪ್ರಿಲ್‌ನಲ್ಲಿ ಪೊಲೀಸರು ನುಗ್ಗಿ ಬೀಗ ಹಾಕಿದರು. ಬೇಸಿಗೆಯಲ್ಲಿ ಮೇಷ್ಟ್ರುಗಳೇ ಕೂತು ಶಾಲೆ ಮುಚ್ಚುವ ತೀರ್ಮಾನ ಮಾಡಿದರು. ದೊಡ್ಡ ಹೆಸರಿನವರು ಹಲವರು ಅಮೆರಿಕ ಸೇರಿಕೊಂಡರು. ಎಲ್ಲರಿಗೂ ಆ ದಾರಿ ಇರಲಿಲ್ಲ. ಮಗ್ಗದ ಓಟಿ ಬರ್ಗರ್ ನಾಜಿಗಳ ಔಷ್‌ವಿಟ್ಸ್ ಸಾವಿನ ಶಿಬಿರದಲ್ಲಿ ಕೊಲೆಯಾದಳು. ವೈಮಾರ್‌ನಲ್ಲಿ ಇಟೆನ್ ಹತ್ತಿರ ಕಲಿತ ಫ್ರೀಡ್ಲ್ ಡಿಕರ್ ಬ್ರಾಂಡೈಸ್‌ಳನ್ನು 1942ರಲ್ಲಿ ಟೆರೆಜಿನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿನ ಮಕ್ಕಳಿಗೆ ಆಕೆ ಚಿತ್ರ ಬರೆಯೋದು ಕಲಿಸಿದಳು, ತಾನು ವೈಮಾರ್‌ನಲ್ಲಿ ಕಲಿತ ಪಾಠಗಳನ್ನೇ ಹಿಡಿದು. 1944ರ ಅಕ್ಟೋಬರ್‌ನಲ್ಲಿ ಆಕೆಯನ್ನೂ ಔಷ್‌ವಿಟ್ಸ್‌ನಲ್ಲಿ ಕೊಂದರು. ಮಕ್ಕಳು ಬರೆದ ಸುಮಾರು ನಾಲ್ಕೂವರೆ ಸಾವಿರ ಚಿತ್ರಗಳು ಎರಡು ಸೂಟ್‌ಕೇಸಿನಲ್ಲಿ ಉಳಿದವು. ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಚಿತ್ರಗಳು ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ.

ಇದನ್ನು ಈಗಲೇ ಬರೆಯಲು ಹೋಗಬೇಡ. ಇದು ಬೇರೆಯೇ ಲೇಖನ, ಕೈ ಇನ್ನಷ್ಟು ಹದಕ್ಕೆ ಬರಬೇಕು. ಸದ್ಯಕ್ಕೆ ಪಾತ್ರೆ ಹಿಡಿದುಕೋ. ಮೂರು ಪುಟ ಸಾಕು. ಯುಗಾದಿಯೊಳಗೆ ಕಳಿಸು, ಆಮೇಲೆ ನಾನು ಮಗಳ ಮನೆಗೆ ಹೋಗಿರುತ್ತೇನೆ.

ಅಂದ ಹಾಗೆ, ಆ ಮುಚ್ಚಳ ನಡುವೆ ಇರದೆ ಯಾಕೆ ಪಕ್ಕಕ್ಕೆ ಸರಿದಿದೆ ಅಂತ ನಾನು ಹೇಳುವುದಿಲ್ಲ. ಅಡುಗೆಮನೆಗೆ ಹೋಗಿ, ನಡುವೆ ಮುಚ್ಚಳ ಇರುವ ಯಾವುದಾದರೂ ಪಾತ್ರೆಯಿಂದ ಚಹಾ ಬಗ್ಗಿಸಿ ನೋಡು. ಒರೆಸೋಕೆ ಬಟ್ಟೆ ಇಟ್ಟುಕೊಂಡಿರು.

ನಿನ್ನ
ಅಕ್ಕ