"ಮನೇಲೂ ಹೀಗೇ ಇದ್ರಾ?" ಎಂದು ಕೇಳಿದವರಿಗೆ

ನಿನ್ನೆ ಬೆಳಿಗ್ಗೆ ಅಪ್ಪ ವಾಕರ್ ಬಿಟ್ಟು, ಊರುಗೋಲು ಹಿಡಿದು ಮನೆಯಿಂದ ತೂಬಿನ ತನಕ ನಡೆದರು. ದೂರ ಜಾಸ್ತಿ ಏನಿಲ್ಲ, ಇನ್ನೂರು ಹೆಜ್ಜೆ ಇರಬಹುದು. ಅಲ್ಲಿ ನಿಂತು ಗದ್ದೆ ನೋಡಿ, "ಇನ್ನೂ ಕಳೆ ತೆಗೆಸಿಲ್ವಲ್ಲವ್ವ" ಎಂದು ನನ್ನನ್ನೇ ಬೈದರು. ಬೈಸಿಕೊಂಡು ನನಗೆ ಕಣ್ಣು ತುಂಬಿ ಬಂತು. ಮೂರು ತಿಂಗಳ ಹಿಂದೆ ಇದೇ ಅಪ್ಪನಿಗೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ. ಅಪ್ಪನನ್ನು ನಮಗೆ ವಾಪಸ್ ಕೊಟ್ಟವರಿಗೆ ಈ ಬರಹ.

ಅಪ್ಪನಿಗೆ 76 ವರ್ಷ. ಮಂಡ್ಯದ ಹತ್ತಿರದ ನಮ್ಮ ಊರಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೈಸೂರಿಗೆ ಕರೆದುಕೊಂಡು ಹೋದೆವು. ಮಾರನೇ ದಿನ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಎಲ್ಲ ಮುಗೀತು ಅಂದುಕೊಂಡೆವು.

ಎರಡನೇ ರಾತ್ರಿ ಅಪ್ಪ ಎದ್ದು ಕೂತರು. "ನಾಲೆಲಿ ನೀರು ಬಂದದೆ, ಇವತ್ತು ನಮ್ಮ ಸರದಿ, ತೂಬು ಎತ್ತಬೇಕು" ಅಂತ ಮಂಚದಿಂದ ಇಳಿಯಲು ಹೊರಟರು. ಡ್ರಿಪ್ ಕಿತ್ತುಹಾಕಿದರು. ಹಿಡಿಯಲು ಬಂದ ವಾರ್ಡ್ ಬಾಯ್ ಕೆನ್ನೆಗೆ ಹೊಡೆದರು. ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ ಅವರು. ಕೊನೆಗೆ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ನಾನೂ ಬೇಡ ಅನ್ನಲಿಲ್ಲ. ಮತ್ತೆ ಬಿದ್ದುಬಿಟ್ಟರೆ ಅನ್ನೋ ಭಯ.

ಕಟ್ಟಿದ ಮೇಲೂ ಬೆರಳು ಸುಮ್ಮನಿರಲಿಲ್ಲ. ಹೆಬ್ಬೆರಳು, ತೋರುಬೆರಳು ಸೇರಿಸಿ ಬೆಡ್‌ಶೀಟನ್ನು ಚಿವುಟಿ ಚಿವುಟಿ ಎಳೆಯುತ್ತಿದ್ದರು. ನಾಟಿಯ ದಿನ ಒಟ್ಲಿಂದ ಪೈರು ಕೀಳುವಾಗ ಅಪ್ಪನ ಬೆರಳು ಹೀಗೇ ಆಡುತ್ತಿದ್ದವು. ಬೆಳಗಾಗುವ ತನಕ ಕಿತ್ತರು. ಆ ಪೈರನ್ನು ನಾನು ಸಾಯೋ ತನಕ ಮರೆಯಲ್ಲ.

ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಅರಳು ಮರಳು ಅಂದರು, ಗಾಳಿ ಸೋಕಿದೆ ಅಂದರು. ಸೋದರತ್ತೆ ಮಾದಪ್ಪನ ಬೆಟ್ಟದ ವಿಭೂತಿ ತಂದು ಹಣೆಗೆ ಇಟ್ಟರು. ಅವರ ಪ್ರೀತಿಗೂ ನಾನು ಋಣಿ.

ನಾಲ್ಕನೇ ದಿನ ಅಪ್ಪ ತಣ್ಣಗಾದರು. ಕೂಗಾಟ ಇಲ್ಲ, ಮಾತೂ ಇಲ್ಲ. ಕಣ್ಣು ಅರ್ಧ ಮುಚ್ಚಿ ಮಲಗಿದ್ದರು. ತಿನ್ನಿಸಿದರೆ ಅನ್ನ ಬಾಯಲ್ಲೇ ಉಳಿಯುತ್ತಿತ್ತು. ಸದ್ಯ, ಸುಧಾರಿಸಿದರು ಅಂತ ನಾವು ಉಸಿರು ಬಿಟ್ಟೆವು. ಆವತ್ತು ಡ್ಯೂಟಿಗೆ ಬಂದ ಸಿಸ್ಟರ್ ಮಾತ್ರ ಮಂಚದ ಹತ್ತಿರ ನಿಂತು ನನ್ನನ್ನು ಕೇಳಿದರು, "ಇವರು ಮನೇಲೂ ಹೀಗೇ ಇದ್ರಾ?"

"ಇಲ್ಲ ಸಿಸ್ಟರ್, ಬೀಳೋ ದಿನದ ತನಕ ಆಲೆಮನೆ ಲೆಕ್ಕ ಬಾಯಲ್ಲೇ ಹೇಳೋರು" ಅಂದೆ.

ಅವರು ಬಗ್ಗಿ ಅಪ್ಪನ ಕಿವಿಯ ಹತ್ತಿರ, "ಯಜಮಾನ್ರೇ, ಭಾನುವಾರದಿಂದ ಹಿಂದಕ್ಕೆ ವಾರ ಹೇಳಿ ನೋಡೋಣ" ಅಂದರು. "ಭಾನುವಾರ... ಶನಿವಾರ..." ಅಷ್ಟೇ. ಫ್ಯಾನ್ ನೋಡುತ್ತಾ ಉಳಿದುಬಿಟ್ಟರು. ಸಿಸ್ಟರ್ ಆಗಲೇ ಡಾಕ್ಟರನ್ನು ಕರೆಸಿದರು.

ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬರುವ ಬುದ್ಧಿಯ ಗೊಂದಲ. ಆ ಪದ ನಾನು ಮೊದಲ ಸಲ ಕೇಳಿದ್ದು ಆವತ್ತೇ. ಡಾಕ್ಟರ್ ಮೇಡಂ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇನ್ನೊಂದು ಮನೆಗೆ ಬೇಕಾಗಬಹುದು. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷ ತೆಗೆದುಕೊಂಡು ಬರುತ್ತದೆ. ಇದು ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ರಾತ್ರಿ ಬೇರೆಯವರೇ ಆಗಿರುತ್ತಾರೆ. ಗಮನ ಒಂದು ಕಡೆ ನಿಲ್ಲುವುದಿಲ್ಲ. ಕೂಗಾಡುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಸುಮ್ನೆ ಮಲಗಿಬಿಡುವುದೂ ಇದೇ ಡೆಲಿರಿಯಂ, ಅದೇ ಜಾಸ್ತಿ ತಪ್ಪಿಹೋಗುವುದು. ವಯಸ್ಸಾದವರಿಗೆ, ಅದರಲ್ಲೂ ಸೊಂಟದ ಆಪರೇಷನ್ ಆದವರಿಗೆ, ಇದು ಅಪರೂಪ ಏನಲ್ಲವಂತೆ. "ಮೈಯಲ್ಲಿ ಬೇರೆಲ್ಲೋ ಏನೋ ಕೆಟ್ಟಿದೆ. ಅದನ್ನ ಹುಡುಕಬೇಕು" ಅಂದರು.

ಹುಡುಕಿದರು. ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿದರು. ಮೂತ್ರ ಕಟ್ಟಿದೆಯಾ ಅಂತ ಕಿಬ್ಬೊಟ್ಟೆ ಒತ್ತಿ ನೋಡಿದರು. ರಕ್ತದಲ್ಲಿ ಉಪ್ಪಿನಂಶ, ಅಂದರೆ ಸೋಡಿಯಂ, 122ಕ್ಕೆ ಇಳಿದಿತ್ತು, 135ರ ಮೇಲೆ ಇರಬೇಕಾದ್ದು. ಬಿಪಿಗೆ ಅಂತ ಕೊಡುತ್ತಿದ್ದ, ಮೂತ್ರ ಜಾಸ್ತಿ ಮಾಡಿಸಿ ಸೋಡಿಯಂ ಇಳಿಸಬಲ್ಲ ನೀರಿನ ಮಾತ್ರೆ ನಿಲ್ಲಿಸಿದರು. ಸೋಡಿಯಂ ಒಂದೇ ಸಲಕ್ಕೆ ಏರಿಸಬಾರದಂತೆ, ನಿಧಾನವಾಗಿ ಏರಿಸಿದರು. ಬಿದ್ದ ದಿನದಿಂದ ಮೋಷನ್ ಆಗಿರಲಿಲ್ಲ, ಅದಕ್ಕೂ ಔಷಧಿ ಕೊಟ್ಟರು. ಆಮೇಲೆ ಕೇಳಿದರು, "ನೀವೇನಾದ್ರೂ ಮಾತ್ರೆ ಕೊಟ್ರಾ?"

ಕೊಟ್ಟಿದ್ದೆ. ರಾತ್ರಿ ನಿದ್ದೆ ಬರಲಿ ಅಂತ ನನ್ನ ಬ್ಯಾಗಲ್ಲಿದ್ದ ನೆಗಡಿ ಮಾತ್ರೆ ಎರಡು ದಿನ ಕೊಟ್ಟಿದ್ದೆ. ಅಂಥ ಮಾತ್ರೆ, ಕೆಲವು ನಿದ್ದೆ ಮಾತ್ರೆ ವಯಸ್ಸಾದವರಲ್ಲಿ ಡೆಲಿರಿಯಂ ತರಬಹುದು, ಇದ್ದರೆ ಜಾಸ್ತಿ ಮಾಡಬಹುದು ಎಂದರು ಮೇಡಂ. ಬೈಯಲಿಲ್ಲ. ಹೇಳಿದ್ದು ಒಳ್ಳೇದಾಯ್ತು ಅಂದರು. ಮೇಡಂ, ಆ ಒಂದು ಮಾತಿಗೆ ನಿಮಗೆ ಎಷ್ಟು ಕೈ ಮುಗಿದರೂ ಸಾಲದು. ನೋವಿನ ಔಷಧಿಯನ್ನು ಮಾತ್ರ ಪೂರ್ತಿ ನಿಲ್ಲಿಸಲಿಲ್ಲ. ನೋವು ತಡೆಯಲಾರದೆಯೂ ಹೀಗಾಗುತ್ತದೆ ಅಂತ ಅಳತೆ ನೋಡಿ ಹೊತ್ತಿಗೆ ಸರಿಯಾಗಿ ಕೊಡಿಸಿದರು.

ಕೈ ಬಿಚ್ಚಿಸಿದರು. ಕಟ್ಟಿದಷ್ಟೂ ಗಾಬರಿ ಹೆಚ್ಚಾಗುತ್ತದೆ, ಮನೆಯವರು ಒಬ್ಬರು ಪಕ್ಕದಲ್ಲಿರಿ ಅಂದರು. ಮೂತ್ರದ ಟ್ಯೂಬ್ ತೆಗೆಸಿದರು. ಮಂಚ ಕಿಟಕಿ ಪಕ್ಕಕ್ಕೆ ಬಂತು. "ಕನ್ನಡಕ ಎಲ್ಲಿ? ಕಿವಿ ಮೆಷಿನ್ ಎಲ್ಲಿ?" ಅಂತ ಸಿಸ್ಟರ್ ಕೇಳಿದಾಗ ನಾಚಿಕೆಯಾಯಿತು. ಎರಡೂ ಊರಲ್ಲಿ, ಬೀರುವಿನಲ್ಲಿ ಭದ್ರವಾಗಿದ್ದವು. ತಮ್ಮ ಮುಂದಿನ ಬಸ್ಸಿಗೇ ತಂದ. ಮಷಿನ್ ಹಾಕಿದ ಮೇಲೆ ಅಪ್ಪ ಮೊದಲ ಸಲ ತಲೆ ತಿರುಗಿಸಿ ನನ್ನ ಕಡೆ ನೋಡಿದರು.

ನಾಲೆ ನೀರಿನ ಮಾತು ಬಂದರೆ ವಾದ ಮಾಡಬೇಡಿ, ಹೂಂ ಅಂತ ಸುಳ್ಳೂ ಹೇಳಬೇಡಿ ಅಂದಿದ್ದರು. "ಗದ್ದೆ ತಮ್ಮ ನೋಡ್ಕೊತಾನೆ ಅಪ್ಪ. ನೀನು ಮೈಸೂರಲ್ಲಿದ್ದೀಯ, ಆಸ್ಪತ್ರೆಲಿ. ಕಾಲು ಆಪರೇಷನ್ ಆಗಿದೆ. ನಾನು ನಿನ್ನ ಮಗಳು." ದಿನಕ್ಕೆ ಐವತ್ತು ಸಲ ಹೇಳಿರಬೇಕು. ಹಗಲು ಕೂರಿಸುವುದು, ಫಿಸಿಯೋ ಸರ್ ಹಿಡಿದು ನಿಲ್ಲಿಸುವುದು. ರಾತ್ರಿ ದೀಪ ಆರಿಸಿ, ಬೇಕಿಲ್ಲದಿದ್ದರೆ ಎಬ್ಬಿಸದೆ ಮಲಗಲು ಬಿಡುವುದು. ಪಕ್ಕದ ಮಂಚದವರ ಹೆಂಡತಿ, ನಾಗಮಂಗಲದ ಕಡೆಯವರು, ನಾನು ಸ್ನಾನಕ್ಕೆ ಹೋದಾಗ ಬಂದು ಕೂತು ರಾಗಿ ಬೆಳೆ ಮಾತಾಡಿಸುತ್ತಿದ್ದರು. ಅಕ್ಕಾ, ನಿಮ್ಮನ್ನು ದಿನಾ ನೆನೆಯುತ್ತೇವೆ.

ಐದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ, "ಯಾಕವ್ವ ಇಷ್ಟು ಸೊರಗಿದ್ದೀಯ?" ಎಂದು ಕೇಳಿದರು. ಮನೆಗೆ ಬಂದ ಮೇಲೂ ಮೂರು ವಾರ ಸಂಜೆ ಹೊತ್ತು ಸ್ವಲ್ಪ ಗೊಂದಲ ಇತ್ತು. ಮೇಡಂ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರು ಪೂರ್ತಿ ಮೊದಲಿನಂತೆ ಆಗುವುದೇ ಇಲ್ಲ. ನಮ್ಮ ಪುಣ್ಯ ದೊಡ್ಡದು.

ನೆನೆಯಬೇಕಾದವರು ಇನ್ನೊಬ್ಬರು ಉಳಿದಿದ್ದಾರೆ, ಆ ವಾರ್ಡ್ ಬಾಯ್. ಒಂದು ರಾತ್ರಿ ಅಪ್ಪ ಮೆಲ್ಲಗೆ ಕೇಳಿದರು, "ಆವತ್ತು ಯಾರಿಗೋ ಹೊಡೆದೆ, ಅಲ್ವಾ?" ನಾವ್ಯಾರೂ ಹೇಳಿರಲಿಲ್ಲ. ಅವರಿಗೇ ನೆನಪಿತ್ತು, ಒಳಗೇ ಕೊರಗುತ್ತಿದ್ದರು.

ಹೋದ ವಾರ ಚೆಕಪ್‌ಗೆ ಹೋಗುವಾಗ ಎರಡು ಕೆಜಿ ಅಚ್ಚು ಬೆಲ್ಲ ಕಟ್ಟಿಸಿಕೊಂಡರು. ಡಾಕ್ಟರ್ ನೋಡಿದ ಮೇಲೂ ಮನೆಗೆ ಹೊರಡಲಿಲ್ಲ. ಆ ಹುಡುಗನ ಶಿಫ್ಟ್ ಶುರುವಾಗುವ ತನಕ ಬೆಂಚಿನ ಮೇಲೆ ಕಾದು ಕೂತರು. ಅವನು ಬಂದಾಗ ಎದ್ದು ನಿಂತು, ಎರಡೂ ಕೈ ಹಿಡಿದು, "ತಪ್ಪಾಯ್ತು ಕಣಪ್ಪ" ಅಂದರು.

ಅವನು ಅಪ್ಪನನ್ನು ಕೂರಿಸಿ, ಪೊಟ್ಟಣ ಬಿಚ್ಚಿ, ಒಂದು ಅಚ್ಚು ಮುರಿದು ಅರ್ಧ ಅವರ ಕೈಗಿಟ್ಟ. "ನಿಮ್ಮ ನಾಲೆಲಿ ನೀರು ಬಂತಾ ತಾತ?" ಅಂದ.

"ಬಂದದೆ ಕಣಪ್ಪ" ಅಂದರು ಅಪ್ಪ. "ಈ ಸಲ ಚೆನ್ನಾಗಿ ಬಂದದೆ."