ತಾಲ್ಲೂಕಿನ ಹೆಸರಿಗಿಂತ ಮೊದಲು ಹೊಳೆ ಕಲಿಸಿ

ಮಾನ್ಯರೇ,

ಮಕ್ಕಳಿಗೆ ಉತ್ತರ ಕನ್ನಡವನ್ನು ಪರಿಚಯಿಸುವಾಗ 12 ತಾಲ್ಲೂಕುಗಳ ಹೆಸರನ್ನು ಬಾಯಿಪಾಠ ಮಾಡಿಸುವುದರಿಂದ ಶುರು ಮಾಡಬೇಡಿ. ಹೆಸರು ಉಳಿಯುತ್ತದೆ, ಜಾಗ ತಿಳಿಯುವುದಿಲ್ಲ.

ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ನಕಾಶೆ ಬಿಡಿಸಿ. ಕಿಲೋಮೀಟರಿಗೆ 5 ಸೆಂ.ಮೀ. ಹಿಡಿದರೆ ಕಾರವಾರ–ಭಟ್ಕಳದ ನೇರ ಅಂತರ ಸುಮಾರು 5 ಮೀಟರ್ ಆಗುತ್ತದೆ. ಇಡೀ ಜಿಲ್ಲೆಗೆ 10 ಮೀಟರ್ ಉದ್ದದ ಜಾಗ ಬೇಕು. ನಕಾಶೆಯ ಸಮುದ್ರ ನಿಜವಾದ ಪಡುವಣಕ್ಕೇ ಇರಲಿ. ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಶಿರಸಿ–ಕುಮಟಾ ರಸ್ತೆ ಸುಮಾರು 60 ಕಿ.ಮೀ., ನೇರ ಅಂತರ 50ರ ಆಸುಪಾಸು. ದೇವಿಮನೆ ಘಟ್ಟದ ತಿರುವುಗಳನ್ನೂ ಸೇರಿಸಿದ ಮೈಲಿಗಲ್ಲಿನ ಅಂಕಿ ಹಾಕಿದರೆ ಶಿರಸಿ ಮೂಡಣಕ್ಕೆ ಸರಿದುಬಿಡುತ್ತದೆ.

ಘಟ್ಟವಿರುವಲ್ಲಿ ಮಣ್ಣು ಏರಿಸಿ, ನಾಲ್ಕು ಗೀರು ಕೊರೆದು ಚೊಂಬಿನಿಂದ ನೀರು ಬಿಡಿ: ಕಾರವಾರಕ್ಕೆ ಕಾಳಿ, ಅಂಕೋಲೆಗೆ ಗಂಗಾವಳಿ, ಕುಮಟೆಗೆ ಅಘನಾಶಿನಿ, ಹೊನ್ನಾವರಕ್ಕೆ ಶರಾವತಿ. ಸಡಿಲ ಮಣ್ಣು ಕೊಚ್ಚಿಹೋಗುತ್ತದೆ. ಮೊದಲೇ ನೀರು ಚಿಮುಕಿಸಿ ತಟ್ಟಿರಿ.

ಆಮೇಲೆ ಅಘನಾಶಿನಿ ಕಡಲು ಸೇರುವ ಅಳಿವೆಗೆ ಕರೆದೊಯ್ಯಿರಿ. ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಎಂಬ ತಗ್ಗು ಗದ್ದೆ, ಸಾಣಿಕಟ್ಟಾದ ಉಪ್ಪಿನಾಗರ ಎರಡೂ ಒಂದೇ ಹೊಳೆಯ ಮಗ್ಗುಲಲ್ಲಿವೆ. ಕಗ್ಗ ಮಳೆಗಾಲದ ಬೆಳೆ, ಉಪ್ಪು ಬೇಸಿಗೆಯದು. ಒಂದೇ ಭೇಟಿಯಲ್ಲಿ ಎರಡೂ ಸಿಗವು. ಬಳಚು ಎಂಬ ಚಿಪ್ಪುಜೀವಿ ಆಯುವುದನ್ನು ನೋಡಲು ಕಡಲ ಇಳಿತದ ಹೊತ್ತು ಬೇಕು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಕಳೆದ ವಾರದ ಸಮಯ ನಂಬಿ ಬಸ್ ಹತ್ತಿಸಬೇಡಿ. ಹಿಂದಿನ ದಿನ ಅಲ್ಲಿನ ಮೀನುಗಾರರನ್ನೇ ಕೇಳಿ.

– ಶಿಕ್ಷಕಿ, ಶಿರಸಿ